ಮೈನಸ್ 127 ಡಿಗ್ರಿ ಥಂಡಿ, ಅದೂ ಟಿಳಕವಾಡಿಯಾಗ

ಹೋದ ಡಿಸೆಂಬರ್‌ನಾಗ ಒಂದು ಸೋಮವಾರ ಮುಂಜಾನೆ ಆರೂವರಿಗೆ ನಮ್ಮವ್ವ ಬಂದು ಹೊದಿಕಿ ಎಳದು ಎಬ್ಬಿಸಿದ್ಲು. "ಏ, ಏಳೋ, ನಿನ್ನ ಮೀನಿನ ಡಬ್ಬಿ ಮೈನಸ್ ನೂರಾ ಇಪ್ಪತ್ತೇಳು ಅಂತ ತೋರಸಾಕತ್ತೈತಿ, ಗಾಜ ಮುಟ್ಟಿದ್ರ ಜಳಕದ ನೀರಿನಂಗ ಐತಿ, ಇದ್ರಾಗ ಯಾವುದ ಖರೇ?"

ಗಾಜ ಖರೇ ಇತ್ತು. ಡಬ್ಬಿ ಅಂದ್ರ ನಾನ ಮಾಡಿದ ಕಂಟ್ರೋಲರ್, ಅದು ನಮ್ಮ ಬೆಳಗಾವಿ ಟಿಳಕವಾಡಿಯಾಗ ಅಂಟಾರ್ಟಿಕಾಕ್ಕಿಂತ ಹೆಚ್ಚಿನ ಥಂಡಿ ಬಿದ್ದೈತಿ ಅಂತ ತಿಳ್ಕೊಂಡು ಪಾಪ ಮೀನಕ್ಕ ಥಂಡಿ ಹತ್ತಬಾರ್ದಂತ ರಾತ್ರಿಯಿಡೀ ಹೀಟರ್ ಹಚ್ಚಿ ಕುಂತಿತ್ತು. ಓಡಿ ಹೋಗಿ ನೋಡಿದ್ರ ಗಾಜಿಗೆ ಅಂಟಿಸಿದ್ದ ಸಾದಾ ಥರ್ಮಾಮೀಟರ್ 32 ತೋರಿಸ್ತಿತ್ತು. 14 ನಿಯಾನ್ ಟೆಟ್ರಾದಾಗ 11 ತಳಕ್ಕ ಮಕ್ಕೊಂಡಿದ್ದು, ಏಂಜೆಲ್ ಎರಡೂ ಫಿಲ್ಟರ್ ನೀರು ಬೀಳೋ ಜಾಗದಾಗ ಬಾಯಿ ಬಿಡ್ಕೊಂಡು ನಿಂತಿದ್ದು, ಕೋರಿ ಕ್ಯಾಟ್‌ಫಿಶ್ ಮ್ಯಾಲಿಂದ ಮ್ಯಾಲ ಮ್ಯಾಲಕ್ಕ ಹೋಗಿ ಗಾಳಿ ನುಂಗಿ ಬರ್ತಿದ್ದು. ಬಿಸಿ ನೀರಾಗ ಆಕ್ಸಿಜನ್ ಕಡಿಮಿ ಕರಗತೈತಿ ನೋಡ್ರಿ, ಸಮುದ್ರ ಮಟ್ಟದ ಲೆಕ್ಕದಾಗ 25 ಡಿಗ್ರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇದ್ದದ್ದು 32ಕ್ಕ ಬರೂದ್ರಾಗ 7.3ಕ್ಕ ಇಳಿತೈತಿ, ಅದ ಹೊತ್ತಿಗೆ ಮೀನಿನ ಮೈ ಬಿಸಿ ಆಗಿ ಅದಕ್ಕ ಉಸಿರು ಹೆಚ್ಚ ಬೇಕಾಗಿರ್ತೈತಿ. ಹೀಟರ್ ಪ್ಲಗ್ ಕಿತ್ತು, ಏರ್ ಪಂಪ್ ಫುಲ್ ಮಾಡಿ, ಒಂದೊಂದ ಚಂಬು ತಣ್ಣನ್ನ ನೀರು ಹಾಕ್ತಾ ಮಧ್ಯಾಹ್ನದ ತನಕ ಕುಂತ್ನಿ. ಡ್ಯೂಟಿಗೆ ರಜಾ. ಮೀನು ಸತ್ತಾವ ಅಂತ ರಜಾ ಕೇಳಾಕ ನಾಚಿಕಿ ಬಂದು ಜ್ವರ ಅಂದ್ನಿ.

ಬೆಳಗಾವಿಯಾಗ ಹೀಟರ್ ಯಾಕ ಅಂತ ನಮ್ಮ ಭಾವ ಯಾವಾಗಲೂ ನಗತಾನ. ಅವಂದು ವಿಜಯಪುರ, ಅಲ್ಲೆ ಏಪ್ರಿಲ್‌ನಾಗ 40 ದಾಟಿದ್ ಮ್ಯಾಲ ಅವಂಗ ನೀರ ತಣ್ಣಗ ಮಾಡೂದ ಚಿಂತಿ, ಟ್ಯಾಂಕಿನ ಮ್ಯಾಲ ಕಂಪ್ಯೂಟರಿನ ಸಣ್ಣ ಫ್ಯಾನ್ ಕುಂಡ್ರಿಸ್ಯಾನ, ಅಲ್ಲಿ ಗಾಳಿ ಒಣಾ ಇರೂದಕ್ಕ ನೀರು ಲಗೂನ ಆವಿ ಆಗಿ ಎರಡು ಮೂರು ಡಿಗ್ರಿ ಆರಾಮ ಇಳಿತೈತಿ. ಅದನ್ನ ಜುಲೈದಾಗ ನಮ್ಮಲ್ಲಿ ಮಾಡ್ರಿ ನೋಡೂನು, ಮಳಿಗಾಲದಾಗ ಹಾಸಿಗಿ ಸುದ್ದಾ ಒಣಗಂಗಿಲ್ಲ, ನೀರೇನ ಆವಿ ಆಕ್ಕೈತಿ. ಆದ್ರ ಬೆಳಗಾವಿ ಸುಮಾರು 750 ಮೀಟರ್ ಎತ್ತರದಾಗ ಐತಿ, ಸುವರ್ಣಸೌಧದಾಗ ಚಳಿಗಾಲದ ಅಧಿವೇಶನ ನಡಿಯೋ ಹೊತ್ತಿಗೆ ನಸುಕಿನ್ಯಾಗ ನಮ್ಮ ಪಡಸಾಲಿ 18 ಡಿಗ್ರಿಗೆ ಬಂದಿರ್ತೈತಿ. ಅಮೆಜಾನ್ ಕಡೆ ಹುಟ್ಟಿದ ಏಂಜೆಲ್ ಮೀನಕ್ಕ ಅಧಿವೇಶನ ತಗೊಂಡು ಏನ್ ಆಗಬೇಕೈತಿ, ಅದಕ್ಕ ಬಿಸಿ ನೀರು ಬೇಕು.

ಟ್ಯಾಂಕು 3 ಫೂಟಿಂದು, ಮಣ್ಣು ಕಲ್ಲು ಬಿಟ್ಟು ಖರೇ ನೀರು 120 ಲೀಟರ್ ಹಿಡಿತೈತಿ. ಹೀಟರ್ 200 ವ್ಯಾಟ್. ಹೀಟರ್ ಒಳಗ ಅದರದ ಒಂದು ಥರ್ಮೋಸ್ಟಾಟ್ ಇರ್ತೈತಿ, ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ಕಾಂಟ್ಯಾಕ್ಟ್ ಬಿಡತೈತಿ, ಆದ್ರ ದಿನಾ ಹತ್ತಿಪ್ಪತ್ತು ಸಲ ಕಿಡಿ ಹಾರಿ ಹಾರಿ ಒಂದಿನ ಆ ಕಾಂಟ್ಯಾಕ್ಟ್ ಅಂಟ್ಕೊಂಡ ಬಿಡತೈತಿ, ಆಮ್ಯಾಲ ಹೀಟರ್‌ಗೆ ಬಂದ್ ಅನ್ನೋದ ಗೊತ್ತಿರಂಗಿಲ್ಲ. ಮೀನ ಸಾಕೋ ಮಂದಿ ಹೀಟರ್ ಕೆಟ್ಟ ಹೋತು ಅಂದ್ರ ಥಂಡಿ ಆಗಿ ಅಲ್ಲ, ಕುದ್ದು ಹೋಗಿ ಅಳತಾರ. ಅದಕ್ಕಂತನ ನಾನು ಕಂಟ್ರೋಲರ್ ಮಾಡಿದ್ನಿ, ಒಂದು ಆರ್ಡಿನೋ ನ್ಯಾನೋ ಅಂದ್ರ ಕೋಡ್ ಓಡಸೋ ಸಣ್ಣ ಬೋರ್ಡ್, ಬಿಸಿ ಅಳಿಯೋ ಒಂದು ಡಿಎಸ್18ಬಿ20 ಸೆನ್ಸರ್, ಒಂದು ರಿಲೇ ಅಂದ್ರ ಬೋರ್ಡ್ ಹೇಳಿದಂಗ ಹೀಟರಿನ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್. ಕೋಡಿನ್ಯಾಗ ಎರಡ ಮಾತು: 25.3ಕ್ಕಿಂತ ಕಡಿಮಿ ಆದ್ರ ಆನ್, 25.8 ದಾಟಿದ್ರ ಆಫ್. ನಡುವ ಅರ್ಧ ಡಿಗ್ರಿ ಯಾಕ ಬಿಟ್ಟೀನಿ ಅಂದ್ರ ಆ ಸೆನ್ಸರ್ 0.0625 ಡಿಗ್ರಿ ಮೆಟ್ಟಲದಾಗ ಹತ್ತಿ ಇಳಿತೈತಿ, ಒಂದ ಗೆರಿ ಹಾಕಿದ್ರ ರಿಲೇ ಮಿಡತಿ ಹಾರಿದಂಗ ಟಕಟಕ ಅಂತ ಕುಣಿತೈತಿ. ಎರಡು ತಿಂಗಳು ಭಾಳ ಚಲೋ ನಡೀತು. ಎಷ್ಟು ಚಲೋ ಅಂದ್ರ ಸೊಕ್ಕು ಬಂದು ಹೀಟರಿನ ಮ್ಯಾಲಿನ ಗುಂಡಿ ತಿರುವಿ 34ಕ್ಕ ಇಟ್ಟಬಿಟ್ನಿ, ಈಗ ಕಂಟ್ರೋಲರ್ ಐತೆಲ್ಲಾ, ಹೀಟರಿನ ಥರ್ಮೋಸ್ಟಾಟ್ ಅಡ್ಡ ಯಾಕ ಬರಬೇಕು ಅಂತ.

ಭಾನುವಾರ ರಾತ್ರಿ ಮುಚ್ಚಳ ತಗದು ಗಾಜ ಒರಸಿದ್ನಿ, ಆವಾಗ ಸೆನ್ಸರ್ ವೈರ್ ಎಳದು ಬ್ರೆಡ್‌ಬೋರ್ಡಿನ್ಯಾಗ, ಅಂದ್ರ ಬೆಸುಗಿ ಇಲ್ದ ವೈರ್ ಚುಚ್ಚೋ ತೂತಿನ ಹಲಗಿಯಾಗ, ಜಂಪರ್ ವೈರ್ ಸಡ್ಲಾಗೇತಿ. ಸೆನ್ಸರ್ ಸಿಗಲಿಲ್ಲಂದ್ರ ಅದರ ಲೈಬ್ರರಿ, ಅಂದ್ರ ಸೆನ್ಸರ್ ಓದಾಕ ಮೊದಲ ಯಾರೋ ಬರದಿಟ್ಟ ಕೋಡ್, ಮೈನಸ್ 127 ಅಂತ ನಂಬರ್ ಕೊಡತೈತಿ, ಅಂದ್ರ ಅದು ಟೆಂಪರೇಚರ್ ಅಲ್ಲ, ಅಲ್ಲಿ ಯಾರೂ ಇಲ್ಲ ಅಂತ ಹೇಳೋ ರೀತಿ. ನನ್ನ ಕೋಡಿಗೆ ಅದು ತಿಳಿಬೇಕಲ್ಲ. ಮೈನಸ್ 127 ಅನ್ನೋದು 25.3ಕ್ಕಿಂತ ಕಡಿಮಿನೋ ಅಲ್ಲೋ? ಕಡಿಮಿ. ಹಂಗಾರ ಆನ್. ರಾತ್ರಿ ಹತ್ತೂವರಿಂದ ಆರೂವರಿತನಕ ಎಂಟು ತಾಸು. 200 ವ್ಯಾಟ್ 120 ಲೀಟರ್ ನೀರಿಗೆ ತಾಸಿಗೆ 1.4 ಡಿಗ್ರಿ ಏರಸಬೇಕು, ಆದ್ರ ಗಾಜಿನಿಂದ ನೀರಿನ ಮ್ಯಾಲಿಂದ ಬಿಸಿ ಹೊರಗ ಹೋಗ್ತಿರ್ತೈತಿ, ಹಿಂಗಾಗಿ ಎಂಟು ತಾಸಿಗೆ 25.5ರಿಂದ 32. ಆಮ್ಯಾಲ ಹಾಳಿ ಪೆನ್ನು ತಗೊಂಡು ಲೆಕ್ಕ ಮಾಡಿದ್ನಿ, ಬರೋಬ್ಬರಿ ಬಂತು, ಖುಷಿ ಪಡೋ ಲೆಕ್ಕ ಅಲ್ಲ ಬಿಡ್ರಿ. ಅವ್ವ ಅವತ್ತು ಇನ್ನೊಂದ ತಾಸು ಮಲಗಿದ್ರ ಏಂಜೆಲ್ಲೂ ಹೋಗ್ತಿದ್ದು.

ಇದ್ರಾಗ ನನಗ ಹೊಟ್ಟಿಗೆ ಚುಚ್ಚಿದ್ದು ಬ್ಯಾರೇನ ಐತಿ. ನಾನು ಉದ್ಯಮಬಾಗದಾಗ ಒಂದು ಮಶೀನ್ ಶಾಪ್‌ನಾಗ ಮೇಂಟೆನನ್ಸ್ ನೋಡ್ತೀನಿ. ದಿನಾ ಎಮರ್ಜೆನ್ಸಿ ಸ್ಟಾಪ್ ಬಟನ್ ಚೆಕ್ ಮಾಡೂದು ನನ್ನ ಕೆಲಸ. ಆ ಕೆಂಪು ಬಟನ್‌ಗೆ ವೈರಿಂಗ್ ಎನ್‌ಸಿ ಇರ್ತೈತಿ, ನಾರ್ಮಲಿ ಕ್ಲೋಸ್ಡ್, ಅಂದ್ರ ಸುಮ್ನ ಇದ್ದಾಗ ಕರೆಂಟ್ ಹರೀತಿರ್ತೈತಿ, ಒತ್ತಿದ್ರ ಕಟ್ ಆಕ್ಕೈತಿ. ಯಾಕ? ಇಲಿ ವೈರ್ ಕಡದ್ರೂ ಕರೆಂಟ್ ಕಟ್ ಆಗಿ ಮಶೀನ್ ನಿಲ್ಲಬೇಕು ಅಂತ. ಉಲ್ಟಾ ಜೋಡಿಸಿದ್ರ ವೈರ್ ಕಡದದ್ದು ಯಾರಿಗೂ ಗೊತ್ತಾಗಂಗಿಲ್ಲ, ಯಾರದರ ಕೈ ಸಿಕ್ಕು ಬಟನ್ ಒತ್ತಿದಾಗ ಏನೂ ಆಗಂಗಿಲ್ಲ. ಹೊಸಾ ಹುಡುಗ್ರು ಬಂದ್ರ ಮೊದಲ ದಿನ ಇದನ್ನ ಹೇಳಿಕೊಡಾಂವ ನಾನ. ಹಂತಾ ನಾನು ಮನಿಗೆ ಬಂದು ವೈರ್ ಕಡದ್ರ ಹೀಟರ್ ಆನ್ ಆಗೋ ಹಂಗ ಕೋಡ್ ಬರದಿದ್ನಿ. ಎರಡು ಸಾಲಿನ ಕೋಡ್ ಐತಿ, ಇದಕ್ಕೇನ ವಿಚಾರ ಮಾಡೂದು ಅಂತ.

ಹೊಸಾದು ಬರಿಯೂಕಿಂತ ಮೊದಲ ಒಂದು ಮಾತು ನೋಟ್‌ಬುಕ್ಕಿನ್ಯಾಗ ದೊಡ್ಡದಾಗಿ ಬರದ್ನಿ, "ಗೊತ್ತಿಲ್ಲ ಅಂದ್ರ ಆಫ್". ಮೀನು ಒಂದು ರಾತ್ರಿ ಹೀಟರ್ ಇಲ್ದ ಇದ್ರ 120 ಲೀಟರ್ ನೀರು ನಿಧಾನಕ್ಕ ಆರತೈತಿ, ಎಂಟು ತಾಸಿಗೆ ಮೂರು ಡಿಗ್ರಿ ಇಳಿದೀತು, 22 ಡಿಗ್ರಿಗೆ ಏಂಜೆಲ್ ಸಿಟ್ಟಾಗಿ ಒಂದ ಮೂಲ್ಯಾಗ ಕುಂದ್ರತಾವ ಅಷ್ಟ, ಸಾಯಂಗಿಲ್ಲ. ಬಿಸಿ ಹಂಗಲ್ಲ.

ನೆಪ್ಚೂನ್ ಸಿಸ್ಟಮ್ಸ್‌ನವರ ಏಪೆಕ್ಸ್ ಅಂತ ದೊಡ್ಡ ಕಂಟ್ರೋಲರ್ ಬರ್ತೈತಿ, ಸಮುದ್ರದ ಟ್ಯಾಂಕ್ ಇಟ್ಟವ್ರು ತಗೋತಾರ, ನನ್ನ ಪಗಾರಕ್ಕ ಅಲ್ಲ. ಆದ್ರ ಅದರ ಪ್ರೋಗ್ರಾಂ ಓದೂದ್ರಾಗ ಎರಡು ಚಲೋ ವಿಚಾರ ಸಿಕ್ಕು. ಒಂದು, ಪ್ರತಿ ಪ್ಲಗ್‌ಗೆ ಫಾಲ್‌ಬ್ಯಾಕ್ ಅಂತ ಒಂದು ಸಾಲು ಇರ್ತೈತಿ, ಮೇನ್ ಡಬ್ಬಿ ಜೊತಿ ಮಾತುಕತಿ ಬಂದಾದ್ರ ಈ ಪ್ಲಗ್ ಏನ ಮಾಡಬೇಕು ಅಂತ ಮೊದಲ ಹೇಳಿ ಇಡಬೇಕು. ಇನ್ನೊಂದು, ಅದು ಸಾಲುಗಳನ್ನ ಮ್ಯಾಲಿಂದ ಕೆಳಗ ಎಲ್ಲಾ ಓದತೈತಿ, ಕಡೀಕ ಯಾವ ಮಾತು ನಿಜ ಆತೋ ಅದ ಗೆಲ್ಲತೈತಿ. ಮನ್ಯಾಗ ಎಲ್ಲಾರೂ ಏನೇನೋ ಮಾತಾಡಿದ ಮ್ಯಾಲ ಕಡೀಕ ಅಜ್ಜಿ ಹೇಳಿದ್ದ ನಡಿಯೂದು ನೋಡ್ರಿ, ಹಂಗ. ಅದನ್ನ ನಾನೂ ಹಿಡ್ಕೊಂಡ್ನಿ, ನನ್ನ ಕೋಡಿನ್ಯಾಗ ಮೊದಲ ಮಾತು "ಆಫ್", ಆಮ್ಯಾಲ ಆನ್ ಮಾಡೋ ಒಂದ ಮಾತು, ಅದರ ಕೆಳಗ ಎಲ್ಲಾ ಅಜ್ಜಿಯಂದಿರು, ಯಾರ ಒಬ್ಬಾಕಿ ಬ್ಯಾಡ ಅಂದ್ರೂ ಆಫ್.

ಮೊದಲನೇ ಅಜ್ಜಿ ಸಾದಾ, ಟೆಂಪರೇಚರ್ 15ಕ್ಕಿಂತ ಕೆಳಗ ಅಥವಾ 36ಕ್ಕಿಂತ ಮ್ಯಾಲ ಬಂದ್ರ ಅದು ಸುಳ್ಳು. ಮೈನಸ್ 127 ಇಲ್ಲೇ ಸಿಗತೈತಿ. ಈ ಸೆನ್ಸರ್‌ದು ಇನ್ನೊಂದ ಆಟ ಐತಿ, ಕರೆಂಟ್ ಬಂದ ಕೂಡ್ಲೇ ಅಳತಿ ಮಾಡೂಕಿಂತ ಮೊದಲ ಕೇಳಿದ್ರ 85 ಅಂತ ಹೇಳತೈತಿ, ಪೂರ್ತಿ ಅಳತಿ ಮಾಡಾಕ 750 ಮಿಲಿಸೆಕೆಂಡ್ ಬೇಕು ಅದಕ್ಕ. ಅದೂ ಇಲ್ಲೇ ಸಿಗತೈತಿ.

ಆದ್ರ ಈ ಅಜ್ಜಿಗೆ ಟೋಪಿ ಹಾಕೂದು ಭಾಳ ಸರಳ. ಸೆನ್ಸರ್ ನೀರಿನಿಂದ ಹೊರಗ ಬಿತ್ತು ಅಂತ ತಿಳ್ಕೋರಿ, ಅದು ಕೆಟ್ಟಿಲ್ಲ, ವೈರೂ ಗಟ್ಟಿ ಐತಿ, ಪಡಸಾಲಿ ಗಾಳಿ 18 ಅಂತ ಖರೇನ ಹೇಳತೈತಿ, ಅದು 15 ಮತ್ತ 36ರ ನಡುವ ಐತಿ, ಪಾಸ್. ಹೀಟರ್ ಆನ್, ಕುದಿಯೂತನಕ ಆನ್. ನನಗ ಮೈನಸ್ 127ಕ್ಕಿಂತ ಈ 18ರದ ಅಂಜಿಕಿ ಹೆಚ್ಚು, ಯಾಕಂದ್ರ ಅದು ಸುಳ್ಳಿನಂಗ ಕಾಣಂಗಿಲ್ಲ. ಅದಕ್ಕ ಎರಡನೇ ಅಜ್ಜಿ, ಎರಡು ಸೆನ್ಸರ್ ಹಾಕಿದ್ನಿ, ಟ್ಯಾಂಕಿನ ಎರಡು ತುದಿಗೆ, ಬ್ಯಾರೆ ಬ್ಯಾರೆ ಕ್ಲಿಪ್ಪಿಗೆ, ಎರಡರಾಗ ಒಂದೂವರಿ ಡಿಗ್ರಿ ಫರಕ ಬಂದ್ರ ಆಫ್ ಮತ್ತ ಬಝರ್. ಒಂದು ಡಿಗ್ರಿ ಇಟ್ಟಿದ್ನಿ ಮೊದಲ, ಆದ್ರ ಒಂದೊಂದ ಸೆನ್ಸರ್ ಅರ್ಧ ಡಿಗ್ರಿ ಹೆಚ್ಚು ಕಡಿಮಿ ತೋರಸಬಹುದು ಅಂತ ಮಾಡಿದವ್ರ ಹೇಳ್ಯಾರ, ಒಂದು ಮ್ಯಾಲ ಒಂದು ಕೆಳಗ ಹೋದ್ರ ಅಲ್ಲಿಗೇ ಒಂದು ಡಿಗ್ರಿ ಆತು, ಸುಳ್ಳ ಅಲಾರಂ ರಾತ್ರಿ ಎರಡಕ್ಕ ಕೇಳಿದ ಮನಿ ಮಂದಿ ಬಾಯಿ ಕೇಳಬೇಕಿತ್ತು ನೀವು.

ಮೂರನೇ ಅಜ್ಜಿ ನನಗ ಭಾಳ ಪ್ರೀತಿ. ಚಳಿಗಾಲದಾಗ ಒಂದು ವಾರ ಲಾಗ್ ಬರದು ನೋಡಿದ್ರ ನಮ್ಮ ಟ್ಯಾಂಕಿನ ತಾಳ ಗೊತ್ತಾತು, ಹೀಟರ್ ಅರ್ಧ ತಾಸು ಆನ್, ಒಂದು ತಾಸು ಹತ್ತು ನಿಮಿಷ ಆಫ್, ಮತ್ತ ಅರ್ಧ ತಾಸು ಆನ್. ಹಂಗಂದ್ರ ಹೀಟರ್ ಆನ್ ಆಗಿ ಅರ್ಧ ತಾಸಾದ್ರೂ ನೀರು 0.2 ಡಿಗ್ರಿ ಸುದ್ದಾ ಏರಿಲ್ಲಂದ್ರ ಏನೋ ತಪ್ಪೈತಿ, ಒಂದೋ ಹೀಟರ್ ಸತ್ತೈತಿ ಒಂದೋ ನಾನು ಅಳಿಯಾಕತ್ತಿದ್ದು ನೀರನ್ನ ಅಲ್ಲ. ಎರಡರಾಗ ಯಾವುದಿದ್ರೂ ಆಫ್. ಎರಡೂ ಸೆನ್ಸರ್ ಕೂಡೇ ನೆಲಕ್ಕ ಬಿದ್ರೂ ಈ ಅಜ್ಜಿ ಹಿಡೀತಾಳ. ಅದರ ಜೊತಿ ಇನ್ನೊಂದು ಗಡಿ, ಒಂದ ಸಮ ಎರಡು ತಾಸಿಗಿಂತ ಹೆಚ್ಚಿಗೆ ಆನ್ ಇದ್ರ ಆಫ್, ನಾನು ಬಂದು ಬಟನ್ ಒತ್ತೂತನಕ ಮತ್ತ ಆನ್ ಆಗಂಗಿಲ್ಲ. ಎರಡು ತಾಸು ಯಾಕಂದ್ರ ಕಾಲು ಟ್ಯಾಂಕು ತಣ್ಣನ್ನ ನೀರು ಬದಲಿ ಮಾಡಿದ ದಿನ ಒಂದೂವರಿ ತಾಸು ಬೇಕಾಕ್ಕೈತಿ.

ನೀರ ಬದಲಿ ಮಾಡೂದಂದ್ರ ಇನ್ನೊಂದು. ನೀರ ಇಳಿದು ಹೀಟರ್ ಹೊರಗ ಕಂಡು ಆನ್ ಆದ್ರ ಅದು ಕೆಂಪಗ ಕಾಯ್ತೈತಿ, ಆಮ್ಯಾಲ ತಣ್ಣನ್ನ ನೀರ ಬಿದ್ರ ಗಾಜ ಪಟ್ ಅಂತ ಒಡೀತೈತಿ, ಒಡದ್ರ ಒಳಗಿನ 230 ವೋಲ್ಟ್ ಸೀದಾ ನೀರಾಗ, ನಿಮ್ಮ ಕೈನೂ ಅದ ನೀರಾಗ. ಅದಕ್ಕ ಒಂದು ಫ್ಲೋಟ್ ಸ್ವಿಚ್, ನೀರು ತುಂಬಿದ್ರ ಕ್ಲೋಸ್, ಇಳದ್ರ ಓಪನ್. ಈ ಸಲ ಉದ್ಯಮಬಾಗದ ಬುದ್ಧಿ ಮನಿತನಕ ಬಂತು, ವೈರ್ ಕಡದ್ರೂ ಆರ್ಡಿನೋಗೆ "ನೀರಿಲ್ಲ" ಅಂತನ ಕಾಣತೈತಿ. ಮನ್ಯಾಗ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ತಾನ ಕಟ್ ಮಾಡೋ ಸ್ವಿಚ್, ಇಲ್ಲದವ್ರು ಕೋಡಿನ ಮಾತು ಬಿಟ್ಟು ಮೊದಲ ಅದನ್ನ ಹಾಕಸ್ರಿ, ಪ್ಲಗ್ಗಿಗೆ ಹೋಗೋ ವೈರ್ ಒಂದು ಸಲ ಕೆಳಗ ಇಳಿದು ಮ್ಯಾಲ ಹೋಗೋ ಹಂಗ ಬಿಡ್ರಿ, ವೈರ್ ಹಿಡ್ಕೊಂಡು ಬಂದ ಹನಿ ಅಲ್ಲೇ ನೆಲಕ್ಕ ಬೀಳಲಿ.

ಕೋಡ್ ತಾನ ಸಿಕ್ಕೊಂಡ್ರ? ಆರ್ಡಿನೋ ಹ್ಯಾಂಗ್ ಆದ್ರ ರಿಲೇ ಯಾವ ಸ್ಥಿತ್ಯಾಗ ಇತ್ತೋ ಅದ ಸ್ಥಿತ್ಯಾಗ ಕುಂದ್ರತೈತಿ. ಅದಕ್ಕ ವಾಚ್‌ಡಾಗ್, ಅಂದ್ರ ಚಿಪ್ಪಿನೊಳಗಿನ ನಾಯಿ, 8 ಸೆಕೆಂಡಿನ್ಯಾಗ ಒಂದ ಸಲ ಅದಕ್ಕ ರೊಟ್ಟಿ ಹಾಕಲಿಲ್ಲಂದ್ರ ಕಚ್ಚಿ ರೀಸೆಟ್ ಮಾಡತೈತಿ. ಹಳೇ ಬೂಟ್‌ಲೋಡರ್ (ಚಿಪ್ ಶುರುವಾದಾಗ ಮೊದಲ ಓಡೋ ಸಣ್ಣ ಪ್ರೋಗ್ರಾಂ) ಇರೋ ನ್ಯಾನೋದಾಗ ಇದನ್ನ ಹಾಕಿದ್ರ ರೀಸೆಟ್ ಆಗಿ ಆಗಿ ಅದರಾಗ ಸಿಕ್ಕೊಂಡು ಬಿಡತಾವ, ನಂದೂ ಹಂಗ ಆಗಿ ಒಂದು ಸಂಜಿ ಹಾಳಾತು, ಬೂಟ್‌ಲೋಡರ್ ಬದಲಿ ಮಾಡಬೇಕಾತು. ಮತ್ತ ಈ ಸಸ್ತಾ ರಿಲೇ ಬೋರ್ಡ್ ಭಾಳಷ್ಟು ಉಲ್ಟಾ ಇರ್ತಾವ, ಪಿನ್ನು ಲೋ ಮಾಡಿದ್ರ ಆನ್, ಹಿಂಗಾಗಿ ಶುರುವಾಗೋ ಕ್ಷಣದಾಗ ಪಿನ್ನನ್ನ ಔಟ್‌ಪುಟ್ ಮಾಡೂಕಿಂತ ಮೊದಲ ಹೈ ಬರಿಬೇಕು, ಇಲ್ಲಂದ್ರ ಪ್ರತಿ ಸಲ ಕರೆಂಟ್ ಬಂದಾಗ ಟಕ್ ಅಂತ ಒಂದ್ಸಲ ಹೀಟರ್ ಹತ್ತತೈತಿ. ಕರೆಂಟ್ ಬಂದ ಮ್ಯಾಲ ಎರಡು ನಿಮಿಷ ಏನೂ ಮಾಡಬ್ಯಾಡ ಅಂತನೂ ಬರದೀನಿ, ನಮ್ಮ ಕಡೆ ಕರೆಂಟ್ ಬಂತು ಅಂದ್ರ ಬಂತು ಅಂತ ತಿಳ್ಕೊಳಾಕ ಎರಡು ನಿಮಿಷ ಬೇಕಾಕ್ಕೈತಿ.

ಇಷ್ಟೆಲ್ಲಾ ಆದ ಮ್ಯಾಲೂ ಕೋಡಿನ ಕೈ ಮೀರಿದ್ದು ಒಂದೈತಿ, ರಿಲೇನ ಅಂಟ್ಕೊಂಡ್ರ ನೀವು ಎಷ್ಟು ಸಲ ಆಫ್ ಅಂದ್ರೂ ಅದು ಕೇಳಂಗಿಲ್ಲ. 200 ವ್ಯಾಟ್ ಅಂದ್ರ ಒಂದು ಆಂಪಿಯರೂ ಇಲ್ಲ, ರಿಲೇ ಮ್ಯಾಲ 10 ಆಂಪಿಯರ್ ಅಂತ ಬರದೈತಿ, ಆದ್ರೂ ದಿನಕ್ಕ 14 ಸಲದಂಗ ವರ್ಷಕ್ಕ ಐದು ಸಾವಿರ ಸಲ ಕಿಡಿ. ಶಾಪಿನ್ಯಾಗ ಒಬ್ಬಾಂವ ಕಾಂಟ್ಯಾಕ್ಟ್ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕು ಅಂದ, ಅದಕ್ಕ ಕಿಡಿ ಇಲ್ಲ ಖರೇ, ಆದ್ರ ಅದು ಸುಟ್ರ ಹೆಚ್ಚಾಗಿ ಆನ್ ಆಗಿನ ಸಾಯೂದು, ನನಗ ಬೇಕಾದ್ದು ಉಲ್ಟಾ ಸಾವು. ಕಡೀಕ ಹೀಂಗ ಮಾಡಿದ್ನಿ, ಎಸ್‌ಟಿಸಿ-1000 ಅಂತ ಬ್ಯಾರೆ ರೆಡಿಮೇಡ್ ಥರ್ಮೋಸ್ಟಾಟ್ ತಂದು, ಅದರದ ಸೆನ್ಸರ್ ಅದರದ ರಿಲೇ, ನನ್ನ ಡಬ್ಬಿಯ ಹಿಂದ ಸೀರೀಸ್‌ನಾಗ ಹಾಕಿ 28ಕ್ಕ ಇಟ್ನಿ. ಸೀರೀಸ್, ಪ್ಯಾರಲಲ್ ಅಲ್ಲ, ಒಂದು ಬಾಗಲಾ ಆದ ಮ್ಯಾಲ ಇನ್ನೊಂದು ಬಾಗಲಾ. 200 ವ್ಯಾಟಿನ ಒಂದು ಹೀಟರ್ ತಗದು 100ರ ಎರಡು ಹಾಕಿದ್ನಿ, ಒಂದು ಪೂರ್ತಿ ಅಂಟ್ಕೊಂಡ್ರೂ ಚಳಿಗಾಲದಾಗ 30ರ ಆಸುಪಾಸ ನಿಲ್ಲತೈತಿ, ಅಲ್ಲಿತನಕ ಹೋಗಾಕೂ ಒಂದು ದಿನಾ ಮ್ಯಾಲ ಹಿಡಿತೈತಿ. ಹೀಟರ್ ಮ್ಯಾಲಿನ ಗುಂಡಿ ಈಗ 27ಕ್ಕ. ಅದನ್ನ 34ಕ್ಕ ತಿರುವಿದ ಕೈಗೆ ಬರಿ ಹಾಕಬೇಕಿತ್ತು.

ಟೆಸ್ಟ್ ಮಾಡಿದ್ದು ಅಡಗಿ ಮನ್ಯಾಗ. ಹೀಟರ್ ಬದಲಿ ಒಂದು ಬಲ್ಬ್, ಟ್ಯಾಂಕಿನ ಬದಲಿ ಎರಡು ಸ್ಟೀಲ್ ಚಂಬು. ಒಂದು ಚಂಬಿನ್ಯಾಗ ಬಂಬದ ಬಿಸಿ ನೀರು, ಒಂದ್ರಾಗ ನಳದ ನೀರು, ಸೆನ್ಸರ್ ಅದ್ರಾಗಿಂದ ಇದ್ರಾಗ ಅದ್ದೂದು ತಗಿಯೂದು. ವೈರ್ ಕಿತ್ನಿ, ಬಲ್ಬ್ ಆರ್ತು. ಎರಡೂ ಸೆನ್ಸರ್ ಕಟ್ಟಿ ಮ್ಯಾಲ ಇಟ್ಟು ಬಿಟ್ನಿ, ಅರ್ಧ ತಾಸು ಬಲ್ಬ್ ಉರೀತು, ಮೂವತ್ತನೇ ನಿಮಿಷಕ್ಕ ಆರಿ ಬಝರ್ ಕಿರಚಿತು, ನಾನೂ ಕಿರಚಿದ್ನಿ. ಅಪ್ಪ ಬಂದು ಬಲ್ಬ್ ನೋಡಿ, ಚಂಬು ನೋಡಿ, ನನ್ನ ನೋಡಿ, ಚಾ ತಗೊಂಡು ಹೋದ.

ಒಂದ ಉಳದಿತ್ತು. ಆರ್ಡಿನೋದಾಗ ಮಿಲ್ಲಿಸ್ ಅಂತ ಗಡಿಯಾರ ಐತಿ, ಶುರುವಾದಾಗಿಂದ ಮಿಲಿಸೆಕೆಂಡ್ ಎಣಸ್ತೈತಿ, 32 ಬಿಟ್ಟಿನ ಲೆಕ್ಕ ಆಗಿದ್ದಕ್ಕ 49.7 ದಿನಕ್ಕ ತುಂಬಿ ಮತ್ತ ಸೊನ್ನಿಗೆ ಬರ್ತೈತಿ, ಹಳೇ ಸ್ಕೂಟರಿನ ಕಿಲೋಮೀಟರ್ ಎಣಸೋ ಅಂಕಿಯಂಗ. ನಾನು ಮುಂದಿನ ಸಲ ಸೆನ್ಸರ್ ಯಾವಾಗ ಓದಬೇಕು ಅನ್ನೋದನ್ನ ಕೂಡಿಸಿ ಬರದಿದ್ನಿ, ಈಗಿನ ಹೊತ್ತಿಗೆ ಒಂದು ಸೆಕೆಂಡ್ ಕೂಡಿಸಿ ಅದು ದಾಟಿದ್ರ ಓದು ಅಂತ. ಗಡಿಯಾರ ಸೊನ್ನಿಗೆ ತಿರುಗೋ ಕ್ಷಣಕ್ಕ ಹೊಂದಿಕಿ ತಪ್ಪಿದ್ರ ಆ ಮುಂದಿನ ಸಲ ಅನ್ನೋದು ಮತ್ತ 49 ದಿನ ಬರಂಗಿಲ್ಲ, ಕೋಡ್ ಓಡ್ತಿರ್ತೈತಿ, ನಾಯಿಗೆ ರೊಟ್ಟಿ ಬೀಳ್ತಿರ್ತೈತಿ, ಟೆಂಪರೇಚರ್ ಮಾತ್ರ ಹಳೇದ. ಈಗ ಕಳದು ಬರದೀನಿ, ಈಗಿನ ಹೊತ್ತಿನಾಗ ಹಿಂದಿನ ಹೊತ್ತು ಕಳದ್ರ ಎಷ್ಟಾತು ಅಂತ, ಆ ಲೆಕ್ಕ ಸೊನ್ನಿ ದಾಟಿದ್ರೂ ಸರಿಯಾಗೇ ಬರ್ತೈತಿ. ಗಡಿಯಾರ ಮುಂದ ತಳ್ಳಿ ಟೆಸ್ಟ್ ಮಾಡಿದ್ನಿ, ಪಾಸಾತು. ಆದ್ರೂ ಎರಡು ಸಾಲಿನ ಕೋಡ್ ನಂಬಿ ಒಂದ್ಸಲ ಬಿದ್ದಾಂವ ನಾನು, ಖರೇ 50 ದಿನ ಓಡಲಿ, ಆಮ್ಯಾಲ ನಿಯಾನ್ ತರೂನು ಅಂತ ಮನ್ಯಾಗ ಹೇಳೀನಿ. ಕರೆಂಟ್ ಹೋದಾಗೆಲ್ಲಾ ಎಣಿಕಿ ಸೊನ್ನಿಗೆ ಬರ್ತಿತ್ತು, ಎರಡು ಸಲ ಹಂಗಾಗಿ ಕಂಟ್ರೋಲರ್ ಮತ್ತ ಏರ್ ಪಂಪ್ ಎರಡನ್ನ ಇನ್ವರ್ಟರ್‌ಗೆ ಹಾಕಿದ್ನಿ, ಹೀಟರ್ ಹಾಕಿಲ್ಲ.

ಇವತ್ತಿಗೆ 31ನೇ ದಿನ. ಉಳದ ಮೂರು ನಿಯಾನ್ ಆರಾಮ ಅದಾವ. ಅವ್ವ ಮುಂಜಾನೆ ಎದ್ದ ಕೂಡ್ಲೇ ಡಬ್ಬಿ ಕಡೆ ಕಣ್ಣೂ ಹಾಕಂಗಿಲ್ಲ, ಗಾಜಿಗೆ ಅಂಗೈ ಹಚ್ಚಿ ನೋಡಿ ಚಾ ಇಡಾಕ ಹೋಗ್ತಾಳ.